ಕಳೆನಾಶಕ ಸಿಂಪಡಣೆ ಮತ್ತು ಬಿತ್ತನೆ ಬೀಜದ ಮೊಳಕೆ: ಸದಸ್ಯರ ಗಮನಕ್ಕೆ



ಮುಕ್ಕುಂದ ಸೇರಿದಂತೆ ಸಿಂಧನೂರು ತಾಲ್ಲೂಕಿನ ನೀರಾವರಿ ಗ್ರಾಮಗಳಲ್ಲಿ ಹಲವು ರೈತರು ತಮ್ಮ ಗದ್ದೆಯ ಭತ್ತವನ್ನೇ ಮುಂದಿನ ಬಿತ್ತನೆಗೆ ಎತ್ತಿಡುತ್ತಾರೆ. ಆ ಕಾಳು ನೋಟಕ್ಕೆ ತುಂಬಿಕೊಂಡಿದ್ದರೂ ಸಸಿಮಡಿಯಲ್ಲಿ ಸೋಲಬಹುದು. ಹಳೆಯ ಬೀಜ, ಸಂಗ್ರಹದ ತೇವ, ಹುಳು ಎಲ್ಲರೂ ಬಲ್ಲ ಕಾರಣಗಳು. ಚರ್ಚೆಗೆ ಬಾರದ ಇನ್ನೊಂದು ಕಾರಣವಿದೆ. ಬೆಳೆ ಮಾಗುವ ಹೊತ್ತಿನಲ್ಲಿ ಬದುವಿಗೋ ರಸ್ತೆ ಬದಿಗೋ ಹೊಡೆದ ಕಳೆನಾಶಕ, ಅಂದರೆ ನಮ್ಮವರು ಕಸದ ಎಣ್ಣೆ ಎನ್ನುವುದು, ಗಾಳಿಗೆ ತೂರಿ ತೆನೆಯ ಮೇಲೆ ಬೀಳುತ್ತದೆ.

ಗ್ಲೈಫೋಸೇಟ್ ಎಲೆಯಿಂದ ಒಳಸೇರಿ, ಸಸ್ಯದ ಸಕ್ಕರೆ ಹರಿಯುವ ದಾರಿಯಲ್ಲಿಯೇ ಸಾಗುತ್ತದೆ. ಕಾಳು ಹಾಲುಗಟ್ಟುವಾಗ ಸಕ್ಕರೆಯ ಹರಿವು ತೆನೆಯ ಕಡೆಗೇ ಇರುವುದರಿಂದ ಔಷಧಿಯೂ ಕಾಳಿನಲ್ಲಿ ಶೇಖರವಾಗುತ್ತದೆ. ಬೆಳವಣಿಗೆಗೆ ಅಗತ್ಯವಾದ ಕೆಲವು ಅಮೈನೋ ಆಮ್ಲಗಳ ತಯಾರಿಕೆಯನ್ನು ಅದು ತಡೆಯುತ್ತದೆ. ಅಂತಹ ಬೀಜ ಮೊಳೆತರೂ ಬೇರು ಮೊಂಡಾಗಿ, ಸಸಿ ಕುಗ್ಗುತ್ತದೆ. ಕಾಳು ಪೂರ್ಣ ಬಲಿತ ನಂತರ ಬಿದ್ದರೆ ಹಾನಿ ಕಡಿಮೆ.

2,4-ಡಿ ಸಸ್ಯದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸುತ್ತದೆ. ಭತ್ತದ ಅಗಲ ಎಲೆಯ ಕಳೆಗೆ ಬಳಸುವ ಇದನ್ನು ತೆನೆ ಮೂಡುವ ಹಂತದಲ್ಲಿ ಹೊಡೆದರೆ ಜೊಳ್ಳು ಹೆಚ್ಚಬಹುದು. ಹತ್ತಿಗೆ ಅಲ್ಪ ಪ್ರಮಾಣದಲ್ಲಿ ತಗುಲಿದರೂ ಎಲೆಗಳು ಬೆರಳಿನಂತೆ ಕಿರಿದಾಗುತ್ತವೆ. ಮಸ್ಕಿ, ಲಿಂಗಸುಗೂರು ಭಾಗದ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ರಸ್ತೆ ಬದಿ, ಸ್ಮಶಾನ, ಚರಂಡಿ ದಂಡೆಗಳ ಕಳೆ ತೆಗೆಯಿಸುವುದು ಪಂಚಾಯತಿಯದೇ ಕೆಲಸ. ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಬಾರದೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ನಿರ್ಬಂಧ ವಿಧಿಸಿದೆ. ಕಾನೂನಿನ ಮಾತು ಹಾಗಿರಲಿ, ಪಕ್ಕದ ಗದ್ದೆಯಲ್ಲಿ ತೆನೆ ಇರುವಷ್ಟು ಕಾಲ ಕಳೆಯನ್ನು ಕುಡಗೋಲಿನಿಂದ ಕೊಯ್ಯಿಸುವುದೇ ಯುಕ್ತವೆಂಬುದು ನನ್ನ ಅಭಿಪ್ರಾಯ. ಕೂಲಿ ಹೆಚ್ಚೆಂಬುದು ನಿಜ. ಆದರೆ ಸಸಿಮಡಿ ಕೈಕೊಟ್ಟ ರೈತನಿಗೆ ಬೀಜದ ಹಣಕ್ಕಿಂತ, ಕಾಲುವೆ ನೀರು ಹರಿಯುವಾಗ ಕಳೆದುಹೋದ ದಿನಗಳೇ ಭಾರ.

ಕಾಂಕ್ರೀಟಿನ ಘನಗಳನ್ನು 28ನೇ ದಿನ ಒಡೆದು ಬಲ ನೋಡುವಂತೆ ಬೀಜಕ್ಕೂ ಪರೀಕ್ಷೆಯಿದೆ. ಖರ್ಚು ಮಾತ್ರ ಏನೂ ಇಲ್ಲ. ಬಿತ್ತನೆಗೆ ಮೂರು ವಾರ ಮುಂಚೆ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, 14ನೇ ದಿನ ಎಣಿಸಬೇಕು. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 80. ಮೊಂಡು ಬೇರಿನ ಸಸಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಹೊಸದಾಗಿ ಕೊಯ್ದ ಭತ್ತ ಕೆಲವು ವಾರ ಮೊಳೆಯದೆಯೂ ಇರಬಹುದಾದ್ದರಿಂದ ಆತುರದ ತೀರ್ಮಾನ ಬೇಡ. ಬದುವಿನ ಅಂಚಿನ ಕಾಳನ್ನೂ ಗದ್ದೆಯ ನಡುವಿನ ಕಾಳನ್ನೂ ಬೇರೆ ಬೇರೆಯಾಗಿ ಕಟ್ಟಿಟ್ಟು ನೋಡುವುದು ಒಳಿತು. ಅಂಚಿನದು ಮಾತ್ರ ಸೋತರೆ ಸಿಂಪಡಣೆಯ ಮೇಲೆ ಸಂಶಯಪಟ್ಟು, ಆ ಭತ್ತವನ್ನು ಬಿತ್ತನೆಗೆ ಬಳಸದೆ ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯಲು ರೈತರಿಗೆ ತಿಳಿಸಬೇಕಾಗಿ ಕೋರಿದೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ