ಮತ್ತಿಕೆರೆ ವಿಳಾಸ, ವಿದೇಶಿ ಮಾಲೀಕ

ನಿಮ್ಮ ಜರ್ಮನಿ ಫ್ರೆಂಡು
ಮತ್ತಿಕೆರೆಯಲ್ಲಿ ಕಂಪನಿ ತೆರೀಬಹುದಾ?
ಧಾರಾಳವಾಗಿ!

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಡೈರೆಕ್ಟರ್ ಬೇಕು.
ಅವರಲ್ಲಿ ಒಬ್ಬರಾದ್ರೂ
ವರ್ಷಕ್ಕೆ 182 ದಿನ ಇಂಡಿಯಾದಲ್ಲೇ ಇರ್ಬೇಕು.
ಬಾಡಿಗೆ ಮನೆ ಕೇಳಿದ್ರೆ ಓನರ್ ಏನಂತಾರೆ?
"ಇಲ್ಲಿ ಗೊತ್ತಿರೋರು ಯಾರಿದ್ದಾರೆ?"
ಕಾನೂನು ಕೇಳೋದೂ ಅದನ್ನೇ.
ಪೌರತ್ವ ಯಾವುದಾದ್ರೂ ಸರಿ, ವಾಸ ಮುಖ್ಯ.

ದೊಡ್ಡ ಆಫೀಸ್ ಬೇಡ.
ಅಂಗಡಿ ಮೇಲಿನ ರೂಮ್ ಸಾಕು.
ಬಾಡಿಗೆ ಕರಾರು,
ಓನರ್ ಒಪ್ಪಿಗೆ ಪತ್ರ,
ಎರಡು ತಿಂಗಳೊಳಗಿನ ಬೆಸ್ಕಾಂ ಕರೆಂಟ್ ಬಿಲ್ ಕೊಡಿ.

ತುಂಬಾ ಜನ ಎಡವೋದು ಪಾಸ್‌ಪೋರ್ಟಲ್ಲಿ.
ಜರ್ಮನಿಯಿಂದಲೇ ಸಹಿ ಮಾಡೋದಾದ್ರೆ
ಬರೀ ಜೆರಾಕ್ಸ್ ನಡೆಯಲ್ಲ.
ಅಲ್ಲೇ ನೋಟರಿ ಮಾಡಿಸಿ,
ಅಧಿಕೃತ ದೃಢೀಕರಣ ಮಾಡಿಸಿ ಕಳಿಸ್ಬೇಕು.
ದಯವಿಟ್ಟು ಮೊದಲೇ ಹೇಳಿಬಿಡಿ!

ಅರ್ಜಿ ಪೂರ್ತಿ ಆನ್‌ಲೈನ್.
ಕಂಪನಿ ಆದ್ಮೇಲೆ, ವಿದೇಶದಿಂದ ಬಂಡವಾಳ ಬಂದ 60 ದಿನದೊಳಗೆ ಷೇರು ಕೊಡಿ.
ಕೊಟ್ಟ 30 ದಿನದೊಳಗೆ
ರಿಸರ್ವ್ ಬ್ಯಾಂಕಿಗೆ ವರದಿ ಸಲ್ಲಿಸಿ.