ಒಂದು ಕಾಫಿ, ಎರಡು ಲೋಟ

ಜನರ ಹಣಕಾಸಿನ ಸ್ಥಿತಿಗತಿಯನ್ನು ತಿಳಿಯಬೇಕಾದರೆ ಸರಕಾರದ ದಪ್ಪ ವರದಿಗಳನ್ನೇ ತಿರುವಿಹಾಕಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಯಾವುದಾದರೊಂದು ಉಪಾಹಾರಗೃಹದ ಮುಂದೆ ಕಾಲು ಗಂಟೆ ನಿಂತು ನೋಡಿದರೆ ಸಾಕು. ಇಬ್ಬರು ಗುಮಾಸ್ತರು ಒಳಗೆ ಬರುತ್ತಾರೆ. ಹಣ ಕೊಟ್ಟು ಚೀಟಿ ಪಡೆಯುವುದಕ್ಕೆ ಮೊದಲು ಗೋಡೆಯ ಮೇಲಿನ ಬೆಲೆಯ ಫಲಕವನ್ನು ಓದುತ್ತಾರೆ. ಹಳೆಯ ಅಂಕಿಯ ಮೇಲೆ ಕಾಗದ ಅಂಟಿಸಿ ಬರೆದ ಹೊಸ ಅಂಕಿಯನ್ನು ಕಂಡು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೊನೆಗೆ ಒಂದೊಂದು ಪ್ಲೇಟು ಇಡ್ಲಿ, ಒಂದು "ಬೈಟೂ ಕಾಫಿ" ಎಂದು ಹೇಳುತ್ತಾರೆ.

ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚುವ ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಒಂದು ಸುತ್ತು ಕಾಫಿ ಮುಗಿದ ಮೇಲೆ, ಮಾತು ಮಾತ್ರ ಮುಗಿಯದೆ ಇರುವಾಗ, ಸ್ನೇಹಿತರು ಮತ್ತೊಂದನ್ನು ತರಿಸಿ ಹಂಚಿಕೊಳ್ಳುತ್ತಿದ್ದರು. ಅದರಲ್ಲಿ ಲೋಭವಿರಲಿಲ್ಲ, ಸಲಿಗೆಯಿತ್ತು. ಈಗ ಮೊದಲನೆಯ ಕಾಫಿಯೇ ಬೈಟೂ ಆಗುತ್ತಿದೆ. ಈ ಅಲ್ಪವಾದ ವ್ಯತ್ಯಾಸದಲ್ಲಿ ನಮ್ಮ ಪಟ್ಟಣವಾಸಿಗಳ ಜೀವನದಲ್ಲಾಗಿರುವ ದೊಡ್ಡದೊಂದು ಬದಲಾವಣೆ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಹೋಟೆಲಿನ ಊಟವೆಂದರೆ ಶೋಕಿಯ ವಿಷಯ. ಬೆಲೆ ಹೆಚ್ಚಾದರೆ ಮನೆಯಲ್ಲಿ ಉಣ್ಣಲಿ. ಇದರಲ್ಲಿ ಲೇಖನ ಬರೆಯುವಂಥದೇನಿದೆ ಎಂದು ಕೆಲವರು ಕೇಳಬಹುದು. ಮನೆ, ಒಲೆ, ಅಡುಗೆಯವರು ಮೂರೂ ಇರುವವರು ಕೇಳುವ ಪ್ರಶ್ನೆ ಇದು. ಊರು ಬಿಟ್ಟು ಬಂದು ಬಾಡಿಗೆಯ ಕೋಣೆಯಲ್ಲಿರುವ ವಿದ್ಯಾರ್ಥಿಗೆ, ಮೂರು ಮಂದಿಯೊಡನೆ ಒಂದು ಕೊಠಡಿಯಲ್ಲಿ ಮಲಗುವ ಅಂಗಡಿಯ ನೌಕರನಿಗೆ, ಹಗಲೆಲ್ಲಾ ಬೀದಿಯಲ್ಲಿಯೇ ಇರುವ ಆಟೋ ಚಾಲಕನಿಗೆ, ಕಟ್ಟಡದ ಕೂಲಿಗೆ ಹೋಟೆಲೇ ಅಡುಗೆಮನೆ. ಕೇಂದ್ರ ಸರಕಾರವು 2023-24ರಲ್ಲಿ ನಡೆಸಿದ ಕುಟುಂಬವೆಚ್ಚದ ಸಮೀಕ್ಷೆಯ ಪ್ರಕಾರ, ಪಟ್ಟಣದವರ ಒಟ್ಟು ವೆಚ್ಚದಲ್ಲಿ ಶೇಕಡಾ 40ಕ್ಕೆ ತುಸು ಕಡಮೆ ಭಾಗವು ಆಹಾರಕ್ಕೆ ಹೋಗುತ್ತದೆ. ಅದರೊಳಗೆ ಪಾನೀಯ, ತಿಂಡಿ, ಸಿದ್ಧ ಆಹಾರ ಇವುಗಳ ಪಾಲೇ ಒಟ್ಟು ವೆಚ್ಚದ ಶೇಕಡಾ 11ನ್ನು ಮೀರಿದೆ. ಹಾಲು, ತರಕಾರಿ, ಧಾನ್ಯ, ಇವುಗಳಲ್ಲಿ ಯಾವುದೊಂದಕ್ಕೂ ಪಟ್ಟಣಿಗರು ಅಷ್ಟು ವೆಚ್ಚ ಮಾಡುವುದಿಲ್ಲ. ಇದನ್ನು ಶೋಕಿಯೆಂದು ತಳ್ಳಿಹಾಕುವುದು ಹೇಗೆ?

ಅಂದಿನಿಂದ ಇಂದಿನವರೆಗೆ

ನಮ್ಮ ಹೋಟೆಲುಗಳ ಚರಿತ್ರೆಯನ್ನು ನೋಡಿದರೆ, ಬೆಲೆಯೂ ಅಭಾವವೂ ಅವುಗಳ ರೂಪವನ್ನು ಮೇಲಿಂದ ಮೇಲೆ ಬದಲಾಯಿಸಿರುವುದು ಕಂಡುಬರುತ್ತದೆ. ಉಡುಪಿಯ ಕಡೆಯ ಕೋಟದ ಬಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡುವುದನ್ನು ಕಂಡುಹಿಡಿದರೆಂದು ಪ್ರತೀತಿ. ಇಂದು ಅಕ್ಕಿಗೆ ಕೊರತೆಯಿಲ್ಲದಿದ್ದರೂ ರವೆ ಇಡ್ಲಿಯನ್ನು ನಾವು ಬಿಟ್ಟಿಲ್ಲ. ಹಾಗೆಯೇ 1983ರಲ್ಲಿ ಜಯನಗರದಲ್ಲಿ ತಲೆಯೆತ್ತಿದ "ದರ್ಶಿನಿ"ಯ ಪದ್ಧತಿ. ಕುರ್ಚಿಯಿಲ್ಲ, ಮಾಣಿಯಿಲ್ಲ, ಚೀಟಿ ಕೊಟ್ಟು ತಟ್ಟೆ ಪಡೆದು ನಿಂತುಕೊಂಡು ತಿನ್ನಬೇಕು. ಸ್ಥಳವೂ ಆಳುಗಳೂ ಕಡಮೆ ಸಾಕಾದುದರಿಂದ ತಿಂಡಿ ಅಗ್ಗವಾಯಿತು. ಕುಳಿತು ಉಣ್ಣುವ ಸುಖವನ್ನು ಬಿಟ್ಟುಕೊಟ್ಟು ಜನರು ಅಗ್ಗದ ತಿಂಡಿಯನ್ನು ಪಡೆದರು.

ಇಂದಿನ ತೊಡಕು ಇರುವುದು ಇಲ್ಲಿಯೇ. ಬಿಡಬಹುದಾದುದನ್ನೆಲ್ಲಾ ಬಿಟ್ಟಾಗಿದೆ. ನಿಂತು ತಿನ್ನುವವನನ್ನು ಇನ್ನು ಯಾವ ರೀತಿಯಲ್ಲಿ ನಿಲ್ಲಿಸೋಣ?

ಬೆಲೆ ಏಕೆ ಏರಿತು?

ಹೋಟೆಲಿನವರ ದುರಾಶೆಯೇ ಇದಕ್ಕೆಲ್ಲಾ ಕಾರಣವೆಂದು ಹೇಳುವುದು ಸುಲಭ; ಆದರೆ ನ್ಯಾಯವಲ್ಲ. ಒಂದು ಲೋಟ ಕಾಫಿಯ ಲೆಕ್ಕವನ್ನೇ ನೋಡಬಹುದು. ನಂದಿನಿ ಹಾಲಿಗೆ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನಿನಲ್ಲಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲನ್ನು ಹೆಚ್ಚಿಸಿ 2 ರೂಪಾಯಿ ಸೇರಿಸಲಾಯಿತು. 2025ರ ಏಪ್ರಿಲ್ 1ರಿಂದ ಮತ್ತೆ 4 ರೂಪಾಯಿ ಏರಿತು. ಹಸುವನ್ನು ಸಾಕುವ ರೈತನಿಗೆ ಹಿಂಡಿ ಬೂಸಗಳ ಬೆಲೆಯೂ ಏರಿರುವಾಗ ಈ ಹೆಚ್ಚಳವನ್ನು ನಾವು ಆಕ್ಷೇಪಿಸಲಾರೆವು. ಇನ್ನು ಕಾಫಿಪುಡಿ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿಯೇ ಬೆಳೆಯುತ್ತದಾದರೂ ಅದರ ಧಾರಣೆ ಗೊತ್ತಾಗುವುದು ಸಮುದ್ರದಾಚೆ. ಬ್ರೆಜಿಲ್ ಮತ್ತು ವಿಯೆಟ್ನಾಂ ದೇಶಗಳಲ್ಲಿ ಮಳೆ ಕೈಕೊಟ್ಟುದರ ಫಲವಾಗಿ 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರುಗಳನ್ನು ದಾಟಿತು. ಬ್ರೆಜಿಲಿನ ಮೋಡ ಮುನಿದರೆ ಗಾಂಧಿಬಜಾರಿನ ಲೋಟ ಕಿರಿದಾಗುತ್ತದೆ.

ಚಟ್ನಿಯ ಕಥೆಯೂ ಹೀಗೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಬಾಯಾರಿದ ತೆಂಗು ಆ ವರ್ಷವೇ ಸೇಡು ತೀರಿಸಿಕೊಳ್ಳುವುದಿಲ್ಲ. ಎರಡು ವರ್ಷ ಕಾದು ತೀರಿಸಿಕೊಳ್ಳುತ್ತದೆ. 2025ರಲ್ಲಿ ಕಾಯಿಯ ಬೆಲೆ ಗಗನಕ್ಕೇರಿತು. ಚಟ್ನಿಯಲ್ಲಿ ಕಾಯಿ ಕಡಮೆಯಾಗಿ ಹುರಿಗಡಲೆ ಹೆಚ್ಚಾಯಿತು. "ಇನ್ನಷ್ಟು ಚಟ್ನಿ" ಎಂದು ಕೇಳುವವನ ಕಡೆಗೆ ಬಡಿಸುವವನು ಕಣ್ಣೆತ್ತಿ ನೋಡದಾದನು. ಅದೇ ವರ್ಷದ ನವೆಂಬರಿನಲ್ಲಿ ನಂದಿನಿ ತುಪ್ಪ ಲೀಟರಿಗೆ 610 ರೂಪಾಯಿಗಳಿಂದ 700ಕ್ಕೆ ಏರಿತು.

ಇವುಗಳಲ್ಲದೆ ಗೃಹಸ್ಥನ ಕಣ್ಣಿಗೆ ಬೀಳದ ವೆಚ್ಚಗಳಿವೆ. ಮನೆಯ ಅನಿಲದ ಸಿಲಿಂಡರಿನ ಬೆಲೆಯನ್ನು ಸರಕಾರ ಚುನಾವಣೆಗೆ ಹೆದರಿಯಾದರೂ ಹಿಡಿದಿಟ್ಟುಕೊಳ್ಳುವುದುಂಟು. ಹೋಟೆಲಿನವರ 19 ಕಿಲೋ ಸಿಲಿಂಡರಿಗೆ ಆ ರಕ್ಷಣೆಯಿಲ್ಲ. ಅದರ ಬೆಲೆ 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 2,355 ರೂಪಾಯಿಗಳನ್ನು ಮುಟ್ಟಿತ್ತು. ಅನಂತರ ಇಳಿದದ್ದೂ ಉಂಟು, ಏರಿದ್ದೂ ಉಂಟು. ಮುಂದಿನ ತಿಂಗಳು ಒಲೆಯ ಖರ್ಚೆಷ್ಟೆಂದು ತಿಳಿಯದವನು ದೋಸೆಗೆ ಬೆಲೆ ಕಟ್ಟುವುದೆಂತು? ಅಂಗಡಿಯ ಬಾಡಿಗೆ ಪ್ರತಿ ಕರಾರಿಗೂ ಏರುತ್ತದೆ. ಕುಂದಾಪುರ, ಕೋಟದ ಕಡೆಯಿಂದ ಬರುತ್ತಿದ್ದ ಹುಡುಗರು ಈಗ ಕಾಲೇಜಿಗೆ ಹೋಗುತ್ತಿದ್ದಾರೆ; ಇದು ಸಂತೋಷದ ಸಂಗತಿಯೇ. ಆದರೆ ಅವರ ಸ್ಥಾನಕ್ಕೆ ದೂರದ ಪ್ರಾಂತ್ಯಗಳಿಂದ ಬಂದವರಿಗೆ ಸಂಬಳವನ್ನೂ ವಸತಿಯನ್ನೂ ಒದಗಿಸಬೇಕು. ಇವೆಲ್ಲ ಕೂಡಿ 2023ರ ಆಗಸ್ಟ್ 1ರಿಂದ ಬೆಂಗಳೂರಿನ ಹೋಟೆಲುಗಾರರ ಸಂಘವು ತಿಂಡಿತೀರ್ಥಗಳ ಬೆಲೆಯನ್ನು ಶೇಕಡಾ 10ರಷ್ಟು ಏರಿಸುವುದಾಗಿ ಸಾರಿತು. ಆಮೇಲೆ ಸಾರದೆಯೇ ಏರಿದುದು ಎಷ್ಟೆಂಬುದನ್ನು ಆ ಫಲಕದ ಮೇಲಿನ ಕಾಗದದ ಪದರಗಳನ್ನು ಎಣಿಸಿ ತಿಳಿಯಬೇಕು.

ಬದಲಾದ ನಡಾವಳಿ

ಬೆಲೆಯೇರಿದೊಡನೆ ಜನರು ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟಿದ್ದಾರೆಂದು ಯಾರೂ ತಿಳಿಯಬಾರದು. ತುಪ್ಪದ ದೋಸೆಗೆ ಹೆಸರಾದ ಅಂಗಡಿಗಳ ಮುಂದೆ ಇಂದಿಗೂ ಸಾಲು ನಿಲ್ಲುತ್ತಾರೆ. ಭಾನುವಾರದಂದು ಕಾರು ನಿಲ್ಲಿಸುವುದಕ್ಕೆ ಸ್ಥಳವಿರುವುದಿಲ್ಲ. ಕೈಯಲ್ಲಿ ಹಣವಿರುವವರ ರೂಢಿ ಬದಲಾಗಿಲ್ಲ. ಬದಲಾಗಿರುವುದು ನಡುವಿನವರದು ಮತ್ತು ಕೆಳಗಿನವರದು.

ನಡುವಿನವರಲ್ಲಿ ವಾರಕ್ಕೊಮ್ಮೆ ಸಕುಟುಂಬವಾಗಿ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೋಗುತ್ತಿದ್ದಾರೆ. ಹೋದಾಗಲೂ ಎರಡು ದೋಸೆಗಳನ್ನು ಮೂವರು ಹಂಚಿಕೊಂಡು ಕಾಫಿಯನ್ನು ಮನೆಗೆ ಬಂದು ಕುಡಿಯುತ್ತಾರೆ. ಪೂರ್ಣ ಊಟದ ಜಾಗಕ್ಕೆ "ಮಿನಿ ಊಟ" ಬಂದಿದೆ. ಕಚೇರಿಗಳಲ್ಲಿ ಬುತ್ತಿಯ ಡಬ್ಬಿಗಳು ಮತ್ತೆ ಕಾಣಿಸಿಕೊಳ್ಳುತ್ತಿವೆ. ಇದನ್ನು ಮಿತವ್ಯಯವೆಂದು ಹೊಗಳುವ ಮೊದಲು ಆ ಡಬ್ಬಿಯನ್ನು ತುಂಬಿದವರು ಯಾರೆಂದು ವಿಚಾರಿಸಬೇಕು. ಯಜಮಾನನು ಉಳಿಸಿದ ಎಂಬತ್ತು ರೂಪಾಯಿಗೆ ಬದಲಾಗಿ ಗೃಹಿಣಿಯು ಒಂದು ಗಂಟೆ ಮುಂಚಿತವಾಗಿ ಎದ್ದಿದ್ದಾಳೆ. ಆಕೆಯೂ ಒಂಬತ್ತು ಗಂಟೆಗೆ ಕೆಲಸಕ್ಕೆ ಹೊರಡಬೇಕಾದವಳೇ. ಇನ್ನು ಮನೆಬಾಗಿಲಿಗೆ ಊಟ ತರಿಸಿಕೊಳ್ಳುವ ಸುಖವಾದರೋ ದಿನೇ ದಿನೇ ತುಟ್ಟಿಯಾಗುತ್ತಿದೆ. ಜೊಮ್ಯಾಟೊದವರು 2023ರಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿಯಂತೆ ಆರಂಭಿಸಿದ ಶುಲ್ಕವು 2025ರ ಸೆಪ್ಟೆಂಬರಿನ ಹೊತ್ತಿಗೆ 12 ರೂಪಾಯಿಯಾಯಿತು. ಸಾಗಣೆಯ ವೆಚ್ಚವೂ ತೆರಿಗೆಯೂ ಬೇರೆ.

ಕೆಳಗಿನವರಿಗೆ ಹಂಚಿಕೊಳ್ಳುವುದಕ್ಕೂ ಏನೂ ಇಲ್ಲ. ಬೆಳಗಿನ ತಿಂಡಿಯನ್ನು ಬಿಟ್ಟು ಹನ್ನೊಂದು ಗಂಟೆಗೆ ಒಂದು ಪ್ಲೇಟು ಚಿತ್ರಾನ್ನ ತಿಂದು, ಅದನ್ನೇ ತಿಂಡಿಯೂ ಊಟವೂ ಎಂದು ಭಾವಿಸಿ ಸಂಜೆಯವರೆಗೆ ದುಡಿಯುವವರನ್ನು ನಾವು ನಿತ್ಯವೂ ನೋಡುತ್ತಿದ್ದೇವೆ. ಹಸಿವಾದಾಗ ಒಂದು ಚಹಾ, ಅದರೊಡನೆ ಒಂದು ಬನ್ನು. ಮಧ್ಯಮವರ್ಗದವರು ಕಳೆದುಕೊಂಡದ್ದು ಭಾನುವಾರದ ಸಂತೋಷ. ಇವರು ಕಳೆದುಕೊಳ್ಳುತ್ತಿರುವುದು ದೇಹಶಕ್ತಿ.

1965ರಲ್ಲಿ ದೇಶಕ್ಕೆ ಧಾನ್ಯದ ಕೊರತೆಯೊದಗಿದಾಗ ಪ್ರಧಾನಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟವನ್ನು ಬಿಡಬೇಕೆಂದು ಜನರನ್ನು ಪ್ರಾರ್ಥಿಸಿದರು. ಮನೆಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಅನೇಕ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದುವು. ಉಳ್ಳವನೂ ಇಲ್ಲದವನೂ ಒಟ್ಟಿಗೆ ಹಸಿದುದರಿಂದ ಆ ಉಪವಾಸಕ್ಕೆ ವ್ರತದ ಗೌರವವಿತ್ತು. ಇಂದಿನದು ವ್ರತವಲ್ಲ. ಉಗ್ರಾಣದಲ್ಲಿ ಅಕ್ಕಿಯಿದ್ದೂ ಜೇಬಿನಲ್ಲಿ ಕಾಸಿಲ್ಲದೆ ಒಬ್ಬೊಬ್ಬನೇ ಯಾರಿಗೂ ಹೇಳದೆ ಮಾಡುವ ಉಪವಾಸ. ಇದಕ್ಕೆ ಯಾವ ನಾಯಕನ ಕರೆಯೂ ಇಲ್ಲ, ಯಾವ ಪುಣ್ಯವೂ ಇಲ್ಲ.

ಏನು ಮಾಡಬೇಕು?

ಸರಕಾರವು ದೋಸೆಗೂ ಕಾಫಿಗೂ ಬೆಲೆ ಗೊತ್ತುಮಾಡಿಬಿಡಲಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅದು ಹುಸಿಮದ್ದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದನ್ನೂ ಪರೀಕ್ಷಿಸಿ ನೋಡಿದ್ದಾಗಿದೆ. ಆಗ ತಿಂಡಿಗಳ ಬೆಲೆಯನ್ನು ಬಲವಂತವಾಗಿ ಇಳಿಸಲಾಗಿ, ಪದಾರ್ಥದ ಗುಣವನ್ನು ಕೆಡಿಸಲೊಲ್ಲದ ಮಾವಳ್ಳಿಯವರು ಹೋಟೆಲನ್ನೇ ಕೆಲಕಾಲ ಮುಚ್ಚಿ ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ತಿರುಗಿದರು. ಆಜ್ಞೆಯಿಂದ ಬೆಲೆ ಇಳಿಯಬಹುದು. ಅದರೊಡನೆ ಇಡ್ಲಿಯೂ ಇಳಿಯುತ್ತದೆ.

ಸರಕಾರ ಮಾಡಬಹುದಾದುದು ಬೇರೆ ಇದೆ. ಮೊದಲನೆಯದು ತೆರಿಗೆ. 2017ರ ನವೆಂಬರಿನಿಂದ ಹೋಟೆಲು ಊಟಕ್ಕೆ ಶೇಕಡಾ 5ರ ತೆರಿಗೆಯಿದೆ. ನೋಡುವುದಕ್ಕೆ ಸೌಮ್ಯವೇ ಸರಿ. ಆದರೆ ಅನಿಲಕ್ಕೂ ಕಟ್ಟಡದ ಬಾಡಿಗೆಗೂ ತಾನು ತೆತ್ತ ತೆರಿಗೆಯನ್ನು ಅದರಿಂದ ವಜಾ ಮಾಡಿಕೊಳ್ಳುವ ಹಕ್ಕು ಹೋಟೆಲುಗಾರನಿಗಿಲ್ಲ. ಆದುದರಿಂದ ಆ ಭಾರವೂ ದೋಸೆಯ ಬೆಲೆಯೊಳಗೆ ಅಡಗಿ ಗಿರಾಕಿಯ ಮೇಲೆಯೇ ಬೀಳುತ್ತದೆ. ಸಣ್ಣ ಉಪಾಹಾರಗೃಹಗಳ ಮಟ್ಟಿಗಾದರೂ ಇದನ್ನು ಪುನರ್ವಿಮರ್ಶಿಸಬೇಕು. ಎರಡನೆಯದು ಇಂದಿರಾ ಕ್ಯಾಂಟೀನು. 2017ರ ಆಗಸ್ಟ್ 16ರಂದು ತಿಂಡಿಗೆ 5, ಊಟಕ್ಕೆ 10 ರೂಪಾಯಿಗಳಂತೆ ಬೆಂಗಳೂರಿನಲ್ಲಿ ಇದು ಆರಂಭವಾದಾಗ ಮೂಗು ಮುರಿದವರು ಹಲವರಿದ್ದರು. ಹೋಟೆಲೇ ಅಡುಗೆಮನೆಯಾದವನಿಗೆ ಅದು ದಾನವಲ್ಲ, ಆಧಾರ. ಪಕ್ಷಗಳು ಬದಲಾದಂತೆ ಅದರ ಒಲೆಯ ಉರಿ ಏರಿಳಿಯಬಾರದು. ಅಡುಗೆಯ ಗುತ್ತಿಗೆದಾರರಿಗೆ ಬಾಕಿಯುಳಿಯಬಾರದು. ಅನ್ನದ ಗುಣವನ್ನು ಅಧಿಕಾರಿಗಳು ವರದಿಯಲ್ಲಿ ಓದುವುದರ ಬದಲು ಸಾಲಿನಲ್ಲಿ ನಿಂತು ಉಂಡು ನೋಡಬೇಕು.

ಹೋಟೆಲು ನಡೆಸುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ಬೆಲೆಯನ್ನು ಏರಿಸಲೇಬೇಕಾಗಿದ್ದರೆ ಬಹಿರಂಗವಾಗಿ ಏರಿಸಿರಿ; ಜನ ಗೊಣಗಿದರೂ ಅರ್ಥಮಾಡಿಕೊಳ್ಳುತ್ತಾರೆ. ಇಡ್ಲಿಯನ್ನು ಕುಗ್ಗಿಸಿ, ಸಾಂಬಾರಿಗೆ ನೀರು ಬೆರೆಸಿ, ಬೆಲೆ ಏರಿಲ್ಲವೆಂದು ಹೇಳಿಕೊಳ್ಳಬೇಡಿರಿ. ನಿಮ್ಮ ಹಿರಿಯರು ಈ ಕಸಬಿಗೆ ತಂದುಕೊಟ್ಟ ಗೌರವ ಅಳತೆಯಿಂದಲೂ ಶುಚಿಯಿಂದಲೂ ಬಂದುದು. ಹತ್ತು ಬಗೆಯ ತಿಂಡಿ ತುಟ್ಟಿಯಾದರೂ ಆಗಲಿ. ಬಡವನು ಹೊಟ್ಟೆ ತುಂಬಿಸಿಕೊಳ್ಳಬಹುದಾದ ಒಂದು ಅನ್ನವನ್ನಾದರೂ ಅಸಲಿಗೆ ಸಮೀಪದ ಬೆಲೆಗೆ ಇಟ್ಟುಕೊಳ್ಳಿರಿ. ಅದರಿಂದಾಗುವ ನಷ್ಟವನ್ನು ತುಪ್ಪದ ದೋಸೆಯವರು ತುಂಬಿಕೊಡುತ್ತಾರೆ.

ನಮ್ಮ ಪಟ್ಟಣಗಳಲ್ಲಿ ಮನೆಗೆ ಕರೆಯಲು ಸಂಕೋಚಪಡುವವನೂ ಹೋಟೆಲಿಗೆ ಕರೆದುಕೊಂಡು ಹೋಗಿ ಸತ್ಕರಿಸಬಲ್ಲವನಾಗಿದ್ದನು. "ಬನ್ನಿ, ಒಂದು ಕಾಫಿ ಕುಡಿಯೋಣ" ಎಂಬ ಮಾತಿನಿಂದ ಎಷ್ಟೋ ಜಗಳಗಳು ಮುಗಿದಿವೆ, ಎಷ್ಟೋ ಮದುವೆಗಳು ಕುದುರಿವೆ. ಈ ಮಾತನ್ನಾಡುವ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ ಕಾಲ ಬಂದಿದೆ. ಮೊನ್ನೆ ನಮ್ಮ ಮುಂದೆಯೇ ಒಬ್ಬ ವೃದ್ಧರು ತಮ್ಮ ಹಳೆಯ ಸಹೋದ್ಯೋಗಿಯನ್ನು ಕಂಡು, ಕಾಫಿಗೆ ಕರೆಯಬೇಕೆಂದು ಬಾಯಿ ತೆರೆದು, ಫಲಕದ ಕಡೆಗೊಮ್ಮೆ ನೋಡಿ, "ಮತ್ತೆ ಸಿಗೋಣ" ಎಂದು ಕೈಮುಗಿದು ಹೊರಟುಹೋದರು. ಆ ಇನ್ನೊಬ್ಬರೂ ಫಲಕವನ್ನು ನೋಡಿದ್ದರು, ಆದುದರಿಂದ ತಡೆಯಲಿಲ್ಲ.