ಮಧ್ಯಾಹ್ನವಾದರೆ ದನಿ ಒಡೆಯುವ ಕಂಪ್ಯೂಟರ್

ಸೊಲ್ಲಾಪುರ: ಮುಂಜಾನೆ ಎಂಟಕ್ಕೆ ಹಚ್ಚಿದರೆ ಚೆಂದ ಹಾಡುತ್ತದೆ. ಮಧ್ಯಾಹ್ನ ಎರಡಕ್ಕೆ ಹಚ್ಚಿದರೆ ಮೂರನೇ ಹಾಡಿಗೆ ಕರಕರ, ನಾಲ್ಕನೆಯದಕ್ಕೆ ದನಿ ತುಂಡು ತುಂಡು, ಐದನೆಯದು ಮುಗಿಯುವ ಮೊದಲೇ ಕಂಪ್ಯೂಟರ್ ತಾನಾಗಿ ಬಂದ್!

ನಗರದ ಪೂರ್ವಭಾಗದ ಮಗ್ಗದ ಕೇರಿಯ ಮನೆಯೊಂದರಲ್ಲಿ ಏಪ್ರಿಲ್ ತಿಂಗಳಿಡೀ ನಡೆದ ಪರದಾಟ ಇದು. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯಿಂದ ಎರಡು ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡ ಕುಟುಂಬ. ಮನೆಯ ಯಜಮಾನರಿಗೆ ಟವೆಲ್ ನೇಯುವ ಪವರ್‌ಲೂಮ್ ಕಾರ್ಖಾನೆಯಲ್ಲಿ ಕೆಲಸ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ಬಂದಾಗ, ಕನ್ನಡ ಮಾಧ್ಯಮದಲ್ಲಿ ಓದುವ ಇಬ್ಬರು ಮಕ್ಕಳಿಗೆಂದು ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರನ್ನು ಸಾಲ ಮಾಡಿ ತಂದಿದ್ದರು.

ಹಾಡು ಎಂದರೆ ಸಿನಿಮಾದ್ದಲ್ಲ. ಅಜ್ಜಿಯ ಬೀಸುಕಲ್ಲಿನ ಪದಗಳು. ಹೆಡ್‌ಫೋನಿನ ಮೈಕನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದು ಮೊಮ್ಮಗಳು ಎರಡು ದೀಪಾವಳಿ ರಜೆಗಳಲ್ಲಿ ತುಂಬಿಸಿಟ್ಟದ್ದು. ಅಜ್ಜಿ ಈಗಿಲ್ಲ. ಹಾಡುಗಳಿಗೆ ಬೇರೆಲ್ಲೂ ಇನ್ನೊಂದು ಪ್ರತಿಯೂ ಇರಲಿಲ್ಲ.

"ಅವ್ವನ ದನೀನ ಒಡೀಲಾಕ ಹತ್ತೈತಿ, ಏನ್ ಮಾಡೂದ್ರೀ?" ಎಂದು ಯಜಮಾನರು ಕಂಡಕಂಡವರನ್ನು ಕೇಳಿದರು. ಕೇಳಿದಷ್ಟು ಬಾಯಿಗೆ ಅಷ್ಟು ಸಲಹೆ.

ಮೂರು ವಾರದ ಓಡಾಟ

ಮೊದಲು ಹೊಸ ಸ್ಪೀಕರ್ ಬಂತು. ಕರಕರ ಹೋಗಲಿಲ್ಲ. ಆಮೇಲೆ ಒಬ್ಬರು "ವೈರಸ್ ಇರಬೇಕು, ವಿಂಡೋಸ್ ಹೊಸದಾಗಿ ಹಾಕಿಸ್ರಿ" ಎಂದರು. ಹಾಕಿಸಿದರು. ಈಗ ಇದ್ದ ದನಿಯೂ ಹೋಯಿತು! ಪುಣ್ಯಕ್ಕೆ ಹಾಡುಗಳು 'ಡಿ' ಡ್ರೈವಿನಲ್ಲಿದ್ದವು. 'ಸಿ'ಯಲ್ಲಿ ಇದ್ದಿದ್ದರೆ ಅಂದೇ ಅಳಿಸಿಹೋಗುತ್ತಿದ್ದವು. ಪ್ರತಿ ತೆಗೆಯದೆ ವಿಂಡೋಸ್ ಹಾಕಿಸುವ ಈ ಅವಸರ ಎಷ್ಟು ಮನೆಗಳ ಮದುವೆ ಫೋಟೊ, ಮಕ್ಕಳ ಮೊದಲ ಮಾತುಗಳನ್ನು ನುಂಗಿದೆಯೋ.

ಹೋದ ದನಿಯನ್ನು ಮರಳಿ ತಂದವಳು ಒಂಬತ್ತನೇ ತರಗತಿಯ ಮಗಳೇ. ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಇತ್ತು. ಹೊಸ ವಿಂಡೋಸ್, ದನಿಯನ್ನು ಹಿಂಬದಿಯ ಹಸಿರು ತೂತಿಗೆ ಕಳಿಸುವ ಬದಲು ಆ ಕೇಬಲ್ ಮೂಲಕ ಮಾನಿಟರಿಗೆ ಕಳಿಸುತ್ತಿತ್ತು. ಮಾನಿಟರಿನೊಳಗೆ ಸ್ಪೀಕರೇ ಇಲ್ಲ! ಪರದೆಯ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಸೌಂಡ್ ಸೆಟ್ಟಿಂಗ್‌ನಲ್ಲಿ ದನಿ ಹೋಗುವ ಜಾಗ ಬದಲಿಸಿದಳು. ಮುಗಿಯಿತು. ದನಿ ಪೂರ್ತಿ ನಿಂತುಹೋದಾಗ ಮೊದಲು ನೋಡಬೇಕಾದ್ದು ಇದನ್ನೇ. ಅಲ್ಲಿ ಸ್ಪೀಕರಿನ ಹೆಸರೇ ಕಾಣದಿದ್ದರೆ ಡ್ರೈವರ್ ಇಲ್ಲವೆಂದು ತಿಳಿಯಬೇಕು. ಮದರ್‌ಬೋರ್ಡ್ ಮಾಡಿದ ಕಂಪನಿಯ ತಾಣದಿಂದ ಅದನ್ನು ಪುಕ್ಕಟೆ ಪಡೆಯಬಹುದು. ಸೌಂಡ್ ಕಾರ್ಡ್ ಸುಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು ಕೊನೆಗೆ.

ದನಿ ಬಂತು, ಮಧ್ಯಾಹ್ನದ ಕರಕರ ಮಾತ್ರ ಉಳಿಯಿತು.

ಅರಳೆಯ ಹೊದಿಕೆ

ಕೊನೆಗೆ ಕರೆಸಿದ್ದು ಇಪ್ಪತ್ತೈದು ವರ್ಷಗಳಿಂದ ಈ ಕಸುಬು ಮಾಡುತ್ತಿರುವ ಒಬ್ಬ ರಿಪೇರಿಗಾರರನ್ನು. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಗಿರಾಕಿಯ ದೂರು ಕೇಳಬಲ್ಲವರು. "ಮುಂಜಾನಿ ಬರಂಗಿಲ್ರೀ ಅಕ್ಕಾರ. ಜಡ್ಡು ಬರೂ ಹೊತ್ತಿಗೆ ಬರ್ತೀನಿ" ಎಂದು ಮಧ್ಯಾಹ್ನ ಒಂದೂವರೆಗೇ ಬಂದರು.

ಬಂದವರೇ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಡೇಟಾ ಕೇಬಲ್ ಹಚ್ಚಿ ಅಜ್ಜಿಯ ಎರಡು ಹಾಡುಗಳನ್ನು ಯಜಮಾನರ ಮೊಬೈಲಿಗೆ ಇಳಿಸಿದರು. ಮೊಬೈಲಿನಲ್ಲಿ ದನಿ ಸ್ಪಷ್ಟ! ಬೀಸುಕಲ್ಲು ತಿರುಗುವ ಸದ್ದು ಕೂಡ ಕೇಳಿಸಿತು. ಕ್ಯಾಸೆಟ್ಟಿನ ಟೇಪಿನಂತೆ ಕಂಪ್ಯೂಟರಿನ ಫೈಲ್ ಸವೆಯುವುದಿಲ್ಲ, ಹೊತ್ತಿಗೊಂದು ಬಣ್ಣ ತೋರಿಸುವುದೂ ಇಲ್ಲ. ಮುಂಜಾನೆ ಸರಿ, ಮಧ್ಯಾಹ್ನ ಹಾಳು ಎಂದಾದರೆ ತಪ್ಪು ಹಾಡಿನದಲ್ಲ, ಹಾಡಿಸುವ ಯಂತ್ರದ್ದು.

ಯಜಮಾನರು ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

ನಂತರ ರಿಪೇರಿಗಾರರು ಕೈಯನ್ನು ಕಂಪ್ಯೂಟರಿನ ಹಿಂದೆ ಹಿಡಿದರು. ಬಿಸಿ ಗಾಳಿ ಹೊರಗೆ ಬರಬೇಕಾದ ಜಾಗದಲ್ಲಿ ಗಾಳಿಯೇ ಇಲ್ಲ. ಡಬ್ಬಿ ಇದ್ದದ್ದು ಮರದ ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಖಾನೆಯೊಳಗೆ. ಬೆನ್ನು ಗೋಡೆಗೆ ಒತ್ತಿತ್ತು, ಮೇಲೆ ಕಸೂತಿಯ ಬಟ್ಟೆ ಹೊದಿಸಿತ್ತು. ಧೂಳು ಬೀಳಬಾರದೆಂದು ಮನೆಯಾಕೆ ಅಕ್ಕರೆಯಿಂದ ಹೊದಿಸಿದ್ದೇ ಅದು.

ಕಂಪ್ಯೂಟರನ್ನು ಮತ್ತೆ ಹಚ್ಚಿ, ಆರಂಭದಲ್ಲೇ ಡಿಲೀಟ್ ಕೀಲಿ ಒತ್ತಿ ಬಯೋಸ್ ಪುಟಕ್ಕೆ ಹೋದರು. ಕೆಲವು ಯಂತ್ರಗಳಲ್ಲಿ ಇದಕ್ಕೆ ಎಫ್2 ಕೀಲಿ. ಅಲ್ಲಿ ಪ್ರೊಸೆಸರ್ ತಾಪಮಾನ ತೋರಿಸುವ ಸಾಲಿರುತ್ತದೆ. ಬೇಸಿಗೆಯಲ್ಲಿ ಅದು 50-60 ಡಿಗ್ರಿ ಇದ್ದರೂ ಚಿಂತೆಯಿಲ್ಲ. ಈ ಯಂತ್ರದಲ್ಲಿ 88 ಇತ್ತು. ನೋಡನೋಡುತ್ತ 91 ಆಯಿತು.

ತಾಪ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅನೇಕ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಗಲೂ ತಣಿಯದಿದ್ದರೆ ಸುಟ್ಟುಹೋಗುವ ಬದಲು ಯಂತ್ರವೇ ಬಂದ್ ಆಗುತ್ತದೆ. ಅದು ರೋಗವಲ್ಲ, ರಕ್ಷಣೆ. ಆದರೆ ಬಂದ್ ಆಗುವ ಮೊದಲೇ ದನಿ ಸುಳಿವು ಕೊಡುತ್ತದೆ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 44,100 ಅಂಕಿಗಳು ಒಂದೊಂದು ಬದಿಗೂ ಹರಿಯಬೇಕು. ಪ್ರೊಸೆಸರ್ ಏದುಸಿರು ಬಿಡುತ್ತ ಹೊತ್ತಿಗೆ ಸರಿಯಾಗಿ ಅವನ್ನು ಕೊಡದಿದ್ದರೆ ನಡುನಡುವೆ ಖಾಲಿ ಬೀಳುತ್ತದೆ. ಆ ಖಾಲಿಯೇ ಕಿವಿಗೆ ಕರಕರ.

"ಲಾಳಿಯೊಳಗ ನೂಲು ಹರದ್ರ ಬಟ್ಟ್ಯಾಗ ಗೆರಿ ಬೀಳ್ತೈತಲ್ಲ, ಹಂಗ" ಎಂದರು ರಿಪೇರಿಗಾರರು. ಮಗ್ಗದ ಮನುಷ್ಯನಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಲಿಲ್ಲ.

ಪ್ಲಗ್ ಕಿತ್ತು, ಡಬ್ಬಿಯನ್ನು ಅಂಗಳಕ್ಕೆ ಒಯ್ದು ಬದಿಯ ತಗಡು ತೆಗೆದಾಗ ಮನೆಮಂದಿಯೆಲ್ಲ ಬೆರಗಾದರು. ಪ್ರೊಸೆಸರಿನ ಫ್ಯಾನ್ ಕೆಳಗೆ, ಅಲ್ಯೂಮಿನಿಯಂ ಪದರಗಳ ಮೇಲೆ, ಬೂದು ಬಣ್ಣದ ಅರಳೆಯ ಹಾಸಿಗೆ! ಟವೆಲ್ಲಿನ ನಗರದ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಲೇ ಇರುತ್ತದೆ. ಯಜಮಾನರ ಅಂಗಿಯಲ್ಲೂ ದಿನಾ ಅಷ್ಟಿಷ್ಟು ಮನೆಗೆ ಬರುತ್ತದೆ. ಫ್ಯಾನ್ ಅದನ್ನೆಲ್ಲ ಎಳೆದು ಪದರಗಳ ಸಂದಿಗೆ ತುರುಕಿತ್ತು. ಬರೀ ಮಣ್ಣಿನ ಧೂಳಾದರೆ ಸಂದಿಯಿಂದ ಉದುರೀತು. ಹತ್ತಿಯ ಎಳೆ ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯಂತಾಗುತ್ತದೆ, ಗಾಳಿ ದಾಟುವುದೇ ಇಲ್ಲ.

ಚಳಿಗಾಲದಲ್ಲಿ ಇದು ಗೊತ್ತಾಗುವುದಿಲ್ಲ. ಎಷ್ಟೇ ಜೋರು ಫ್ಯಾನ್ ಇದ್ದರೂ ಅದು ಕೋಣೆಯ ಗಾಳಿಗಿಂತ ಪ್ರೊಸೆಸರನ್ನು ತಂಪು ಮಾಡಲಾರದು. ಕೋಣೆಯ ಬಿಸಿ ಹತ್ತು ಹದಿನೈದು ಡಿಗ್ರಿ ಏರಿದರೆ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹೀಗಾಗಿ ಸಂಕ್ರಾಂತಿಗೆ ಸರಿಯಿದ್ದ ಯಂತ್ರ ಯುಗಾದಿ ದಾಟುತ್ತಲೇ ನಖರೆ ಸುರು ಮಾಡುತ್ತದೆ.

ಸ್ವಚ್ಛ ಮಾಡಲು ಬೇಕಾದದ್ದು ಮೆತ್ತನೆಯ ಪೇಂಟಿಂಗ್ ಬ್ರಶ್ ಮತ್ತು ಕೈಯಿಂದ ಅಮುಕುವ ರಬ್ಬರಿನ ಊದುಬುಗ್ಗೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ಅತಿ ವೇಗವಾಗಿ ತಿರುಗಿ ಕೆಡಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್ ನೇರವಾಗಿ ಬೋರ್ಡಿಗೆ ತಾಗಿಸಬಾರದು, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ ಚಿಪ್ಪುಗಳಿಗೆ ಆಗದು. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ಹೀಟ್‌ಸಿಂಕ್ ಬಿಚ್ಚಿದಾಗ ಅದಕ್ಕೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಬಿಸಿಯನ್ನು ಮೇಲಕ್ಕೆ ದಾಟಿಸುವುದೇ ಈ ಪೇಸ್ಟಿನ ಕೆಲಸ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಹಳೆಯದನ್ನು ಒರೆಸಿ, ನಡುವೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಒತ್ತಿದರು. ಹೆಚ್ಚು ಬಳಿದರೆ ಹೆಚ್ಚು ತಂಪು ಎಂಬುದು ಸುಳ್ಳು. ಎಎಂಡಿ ಪ್ರೊಸೆಸರ್ ಇರುವವರು ಹೀಟ್‌ಸಿಂಕನ್ನು ಒಮ್ಮೆಲೇ ಮೇಲಕ್ಕೆ ಎಳೆಯಬಾರದು, ಒಣಗಿದ ಪೇಸ್ಟಿಗೆ ಅಂಟಿ ಪ್ರೊಸೆಸರೇ ಕಿತ್ತು ಬರುವುದುಂಟು. ನಿಧಾನ ಅತ್ತಿತ್ತ ತಿರುವಿ ಸಡಿಲಿಸಬೇಕು.

ಕರೆಂಟು ಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಅವರು ಬಿಚ್ಚಲಿಲ್ಲ, ಹೊರಗಿನಿಂದ ಊದಿದರಷ್ಟೇ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಮನೆಯಲ್ಲಿ ಯಾರೂ ಕೈ ಹಾಕಬಾರದ ಜಾಗ ಅದೊಂದು. ಬೋರ್ಡಿನ ಮೇಲಿನ ಸಣ್ಣ ಕೊಳವೆಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದೂ ನೋಡಿದರು. ಉಬ್ಬಿದ್ದರೆ ಎಷ್ಟು ಸ್ವಚ್ಛ ಮಾಡಿದರೂ ಆಟ ಮುಗಿದಂತೆಯೇ. ಇಲ್ಲಿ ಉಬ್ಬಿರಲಿಲ್ಲ.

ಮತ್ತೆ ಹಚ್ಚಿದಾಗ 54 ಡಿಗ್ರಿ. ಡಬ್ಬಿ ಖಾನೆಯಿಂದ ಹೊರಬಂದು ಎರಡು ಇಟ್ಟಿಗೆಗಳ ಮೇಲೆ, ಗೋಡೆಯಿಂದ ಗೇಣು ದೂರ ಕೂತಿತು. ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿಡಲೇ ಎಂದು ಯಜಮಾನರು ಕೇಳಿದರು. ಮಗ್ಗದ ಕೇರಿಯಲ್ಲಿ ಹಾಗೆ ಮಾಡಿದರೆ ಎರಡೇ ತಿಂಗಳಲ್ಲಿ ಮತ್ತೆ ಅರಳೆ ತುಂಬುತ್ತದೆ. ನೀರಿನ ಕೂಲರಿನ ಗಾಳಿಯೂ ನೇರ ತಾಗಬಾರದು, ಧೂಳಿಗೆ ತೇವ ಸೇರಿದರೆ ಬೋರ್ಡಿಗೆ ಕಿಲುಬು. ಲ್ಯಾಪ್‌ಟಾಪ್ ಇರುವವರು ಅದನ್ನು ದಪ್ಪನೆಯ ಸೊಲ್ಲಾಪುರಿ ಚಾದರದ ಮೇಲಿಟ್ಟು ಬಳಸುವುದನ್ನು ಬಿಟ್ಟರೆ ಅರ್ಧ ರೋಗ ಹೋದಂತೆ. ಅದು ಗಾಳಿ ಎಳೆಯುವ ತೂತು ಹೊಟ್ಟೆಯಡಿಯಲ್ಲೇ ಇರುತ್ತದೆ.

ಯಾವ ಸದ್ದಿಗೆ ಯಾವ ರೋಗ?

ಪೇಟೆಯ ಅಂಗಡಿಗಳಿಗೆ ಹೋದಾಗ ಈ ಮನೆಯವರಿಗೆ ಆದ ದೊಡ್ಡ ತೊಂದರೆ ಎಂದರೆ ಸದ್ದನ್ನು ವಿವರಿಸುವುದು. ಹಿಂದಿಯಲ್ಲಿ "ಆವಾಜ್ ಖರಾಬ್" ಎಂದಷ್ಟೇ ಹೇಳಿ ಬಂದಿದ್ದರು. ಅಷ್ಟು ಕೇಳಿದವರು ಸ್ಪೀಕರ್ ಮಾರದೆ ಇನ್ನೇನು ಮಾಡಿಯಾರು? ಮನೆಯ ಮಾತಿನಲ್ಲಾದರೆ ಒಂದೊಂದು ಸದ್ದಿಗೂ ಒಂದೊಂದು ಹೆಸರಿದೆ. ರಿಪೇರಿಗಾರರು ಅದನ್ನೇ ಕೇಳಿ ರೋಗ ಹಿಡಿಯುತ್ತಾರೆ.

ಯಂತ್ರ ಬಿಸಿಯಾದ ಮೇಲಷ್ಟೇ ಕರಕರ ಎಂದರೆ ತಾಪ. ವೈರನ್ನು ಅಲುಗಾಡಿಸಿದಾಗ ಕರಕರ ಎಂದರೆ ಪಿನ್ನು ಅಥವಾ ತೂತು ಸಡಿಲ; ಮುಂಬದಿಯ ತೂತು ಬಿಟ್ಟು ಹಿಂಬದಿಯ ಹಸಿರು ತೂತಿಗೆ ಹಾಕಿ ನೋಡಬೇಕು. ಗುಲಾಬಿ ತೂತು ಮೈಕಿಗೆ, ನೀಲಿ ಹೊರಗಿನ ದನಿ ಒಳತರುವುದಕ್ಕೆ. ದನಿಯ ಗುಂಡಿ ತಿರುವುವಾಗ ಮಾತ್ರ ಸರಸರ ಎಂದರೆ ಆ ಗುಂಡಿಯೊಳಗೆ ಧೂಳು. ಡಬ್ಬಿಯೊಳಗಿಂದ ಗರಗರ ಬಂದರೆ ಫ್ಯಾನಿನ ಬೇರಿಂಗ್ ಒಣಗಿದೆ, ಇಂದಲ್ಲ ನಾಳೆ ನಿಲ್ಲುತ್ತದೆ.

ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಒಂದೇ ಸಮನೆ ಕೇಳಿದರೆ ಹಾಡು ಕೇಳುತ್ತ ಕೂರುವ ಹೊತ್ತಲ್ಲ. ಬೇಕಾದ ಫೈಲುಗಳನ್ನು ಮೊದಲು ಬೇರೆಡೆ ಇಳಿಸಿ, ಇಳಿಸಲಾಗದಿದ್ದರೆ ಕಂಪ್ಯೂಟರ್ ಬಂದ್ ಮಾಡಿ ತಿಳಿದವರ ಕೈಗೆ ಕೊಡಬೇಕು. ಹಚ್ಚಿ ಹಚ್ಚಿ ನೋಡಿದಷ್ಟೂ ನಷ್ಟ.

ಇನ್ನು ಗುಂಯ್. ಈ ಮನೆಯ ಹೊಸ ಸ್ಪೀಕರಿನಲ್ಲೂ ಇದು ಇತ್ತು, ಕರಕರದ ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ. ಹಸಿರು ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತರೆ ಗುಂಯ್ ನಿಂತಿತು. ಅಂದರೆ ಸ್ಪೀಕರ್ ಚೊಕ್ಕ. ಮಗಳು ಆಗ ಹೇಳಿದಳು: "ಕಾಕಾ, ಡಬ್ಬಿ ಮುಟ್ಟಿದ್ರ ಕೈ ಜುಂ ಅಂತೈತಿ."

ಬಹಳ ದಿನದಿಂದ ಹಾಗೆಯೇ ಇತ್ತಂತೆ. ರೂಢಿಯಾಗಿಬಿಟ್ಟಿತ್ತು.

ರಿಪೇರಿಗಾರರ ಮುಖ ಗಂಭೀರವಾಯಿತು. ಗೋಡೆಯ ಬೋರ್ಡ್ ಬಿಚ್ಚಿ ನೋಡಿದರೆ ಮೂರು ಪಿನ್ನಿನ ಸಾಕೆಟ್ಟಿನ ದೊಡ್ಡ ತೂತಿಗೆ ತಂತಿಯೇ ಇರಲಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಮೂಲಕ ಸ್ವಲ್ಪ ಸೋರಿಕೆ ಯಾವಾಗಲೂ ಡಬ್ಬಿಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಕೈಗೆ ಜುಂ, ಸ್ಪೀಕರಿಗೆ ಗುಂಯ್. ಇಷ್ಟು ಸೋರಿಕೆ ಜೀವ ತೆಗೆಯಲಿಕ್ಕಿಲ್ಲ. ಆದರೆ ಒಳಗೆ ನಿಜವಾಗಿಯೂ ತಂತಿ ಡಬ್ಬಿಗೆ ತಾಗಿದ ದಿನ ಫ್ಯೂಸ್ ಹೋಗದು, ಬಂದ ಕರೆಂಟು ಮುಟ್ಟಿದವರ ಮೈಮೂಲಕವೇ ನೆಲಕ್ಕಿಳಿಯುತ್ತದೆ. ಮಕ್ಕಳು ಬರಿಗಾಲಲ್ಲಿ ಫರಸಿಯ ಮೇಲೆ ಕೂತು ಬಳಸುವ ಯಂತ್ರವದು.

"ಹಾಡಿಗಂತ ಕರೆಸಿದ್ರಿ, ಖರೇ ಕೆಲಸ ಇಲ್ಲಿ ಐತಿ ನೋಡ್ರಿ" ಎಂದು ಗೋಡೆ ತೋರಿಸಿದರು. ಕಂಪ್ಯೂಟರಿಗೆ ಬೇಕಾದದ್ದು ಹೊಸ ಸಾಮಾನಲ್ಲ, ಇನ್ನೂರು ರೂಪಾಯಿಯೊಳಗಿನ ಪೇಸ್ಟ್ ಮತ್ತು ಎರಡು ಗಂಟೆಯ ದುಡಿಮೆ. ಹೊಸ ಸ್ಪೀಕರ್, ಹೊಸ ವಿಂಡೋಸ್ ಎಂದು ಮನೆಯವರು ಆಗಲೇ ಅದರ ಹತ್ತುಪಟ್ಟು ಕಳೆದಿದ್ದರು.

ಮಧ್ಯಾಹ್ನದ ಬಿಸಿಲಿಗೇ ಮಗಳು ಹಾಡು ಹಚ್ಚಿದಳು. ಆರು, ಏಳು, ಹನ್ನೆರಡು ಪದಗಳು ತಡೆಯಿಲ್ಲದೆ ನಡೆದವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಎಲ್ಲ ಹಾಡುಗಳೂ ಈಗ ಎರಡು ಪೆನ್‌ಡ್ರೈವ್‌ಗಳಲ್ಲಿವೆ. ಒಂದು ಇಲ್ಲೇ ಕಪಾಟಿನಲ್ಲಿ, ಇನ್ನೊಂದು ಅಕ್ಕಲಕೋಟದ ಅತ್ತೆಯ ಮನೆಯಲ್ಲಿ.

ಅರ್ಥಿಂಗ್ ಎಳೆಯಲು ವೈರ್‌ಮನ್ ಸೋಮವಾರ ಬರುವುದಾಗಿ ಹೇಳಿದ್ದಾನೆ. ಅಲ್ಲಿಯವರೆಗೆ ಡಬ್ಬಿಯನ್ನು ಮುಟ್ಟುವಂತಿಲ್ಲ, ಮನೆಮಂದಿಗೆ ಅಜ್ಜಿಯ ಪದ ಕೇಳಲು ಮೊಬೈಲೇ ಗತಿ.